ಝಳಕಿಯ ಬೇಲಿಯಲ್ಲೊಂದು ಅವಿಭಕ್ತ ಕುಟುಂಬ

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಹೊರ್ತಿಯನ್ನು ದಾಟಿದ ಬಳಿಕ ಝಳಕಿ ಸಿಕ್ಕುವುದು. ಈ ಇಂಡಿ ತಾಲ್ಲೂಕಿನ ನಿಂಬೆಹಣ್ಣನ್ನು ವಾಚಕರೆಲ್ಲರೂ ಬಲ್ಲರು. ನಾವು ಕಂಡ ಸೋಜಿಗವಾದರೋ ಊರಾಚೆಯ ಹೊಲದ ಬೇಲಿಯಲ್ಲಿತ್ತು: ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡ, ತೆಂಗಿನಕಾಯಿ ಗಾತ್ರದ, ಮಾಸಿದ ಅರಿವೆಯ ಗಂಟಿನಂತಹ ವಸ್ತು.

"ಜೇಡರ ಗೂಡರೀ. ಬೇಲಿ ಕಡಿಯೋ ಮುಂದ ಸುಟ್ಟು ಬಿಡತೀವಿ" ಎಂದನು ಹೊಲದ ಯಜಮಾನನು. ಕೊಡಲಿ ಅವನ ಕೈಯಲ್ಲಿಯೇ ಇತ್ತು.

ತುಸು ತಾಳೆಂದು ಬೇಡಿಕೊಂಡು, ಹುಲ್ಲುಕಡ್ಡಿಯಿಂದ ಬಲೆಯನ್ನು ಮೆಲ್ಲಗೆ ಅಲುಗಿಸಿದೆವು. ಗೂಡಿನ ಕಂಡಿಯಿಂದ ಒಂದು ಜೇಡ ಇಣುಕಿತು. ಹಿಂದೆಯೇ ಮತ್ತೆ ಐದಾರು. ಒಂದನ್ನೊಂದು ತುಳಿದುಕೊಂಡು ಬಂದರೂ ಜಗಳವಿಲ್ಲ. ತನ್ನ ಬಳಗವನ್ನೇ ತಿನ್ನುವ ಒಂಟಿಪ್ರಾಣಿಯೆಂದು ನಾವು ಕೇಳಿದ್ದ ಜೇಡ ಇದೇ ಏನು? ಲೋಕದಲ್ಲಿ ಗೊತ್ತಾಗಿರುವ 50,000ಕ್ಕೂ ಮಿಕ್ಕಿದ ಜೇಡರ ಜಾತಿಗಳಲ್ಲಿ ಹೀಗೆ ಬಾಳೆಲ್ಲ ಕೂಡಿ ಬದುಕುವಂಥವು ಸುಮಾರು 25 ಮಾತ್ರ. ನಮ್ಮ ಬಯಲುನಾಡಿನದು ಸ್ಟೆಗೋಡಿಫಸ್ ಸರಸಿನೋರಮ್. 1892ರಲ್ಲಿ ಕಾರ್ಷ್ ಎಂಬ ಜರ್ಮನ್ ಪಂಡಿತನು ಇಟ್ಟ ಹೆಸರು. 1905ರಲ್ಲಿ ನಮ್ಮ ದೇಶದ ಜಂಬುನಾಥನ್ ಎಂಬವರು ಇದರ ಜೀವನಕ್ರಮವನ್ನು ಬರೆದು ಪ್ರಕಟಿಸಿದರು.

ಗೂಡು ಬರಿಯ ನೂಲಲ್ಲ. ಒಣಗಿದ ಎಲೆ, ತಿಂದುಳಿದ ಹುಳುಗಳ ರೆಕ್ಕೆ ಕಾಲುಗಳನ್ನು ಸೇರಿಸಿ ನೇಯ್ದುದು. ಬಲೆಯಲ್ಲಿ ಅಂಟಿಲ್ಲ. ಹಿಂಗಾಲಿನ ಬಾಚಣಿಗೆಯಿಂದ ಹಿಂಜಿದ ಉಣ್ಣೆಯಂತಹ ನಯವಾದ ಎಳೆಯಲ್ಲಿ ಮಿಡತೆಯ ಕಾಲು ತೊಡಕಿತೆಂದರೆ ಬಿಡಿಸಿಕೊಳ್ಳಲಾರದು. ಆಗ ಹಲವು ಜೇಡಗಳು ಕೂಡಿ ಬಿದ್ದು, ತಮಗಿಂತ ದೊಡ್ಡ ಬೇಟೆಯನ್ನೂ ಕೆಡೆಯುವುವು. ಆದರೆ ಎಲ್ಲರೂ ಸಮನಾಗಿ ದುಡಿಯುವರೆಂದು ತಿಳಿಯಬೇಡಿ! ಆಂಧ್ರದ ಕುಪ್ಪಂ ಕಡೆಯ ಗೂಡುಗಳನ್ನು ಕುರಿತ 2013ರ ಸಂಶೋಧನೆಯಲ್ಲಿ, ಧೈರ್ಯದವು ಬೇಟೆಗೆ ಮುಂದಾಗುವುದು ಕಂಡುಬಂದಿತು. ಮಿಕ್ಕವರೂ ಪಂಕ್ತಿಗೆ ಬರುವರು. ದೊಡ್ಡ ಮನೆಯ ರೀತಿಯೇ ಅದು.

ಇನ್ನು ಬಾಣಂತನದ ಸಂಗತಿ. ಮರಿಗಳು ಹೊರಬಂದಾಗ ತಾಯಿ ತನ್ನ ಒಡಲಿನ ರಸವನ್ನು ಬಾಯಿಂದ ಕಕ್ಕಿ ಉಣಿಸುತ್ತದೆ. ಉಣಿಸುತ್ತ ಉಣಿಸುತ್ತ ಅದರ ಒಳಗೆಲ್ಲ ಕರಗುತ್ತ ಬಂದು, ಕಡೆಗೆ ಮರಿಗಳು ತಾಯಿಯನ್ನೇ ಹೀರಿಬಿಡುತ್ತವೆ. ಆಫ್ರಿಕದಲ್ಲಿರುವ ಇದರ ದಾಯಾದಿ ಜಾತಿಯಲ್ಲಿ ಹೆರದ ಚಿಕ್ಕಮ್ಮಂದಿರಿಗೂ ಇದೇ ಗತಿ. ಇದನ್ನು ತಾಯಿಯ ತ್ಯಾಗವೆಂದು ಹಾಡಲು ನಮಗೇಕೋ ನಾಲಗೆ ಏಳಲಿಲ್ಲ. ಜೊತೆಗಿದ್ದ ಮನೆಯವರು ಮಾತ್ರ ಕೇಳಿ ಬಹಳ ಹೊತ್ತು ಮಾತಾಡಲಿಲ್ಲ.

ಒಗ್ಗಟ್ಟಿಗೆ ಬೆಲೆಯೂ ಉಂಟು. ಗಂಡುಗಳು ಕಡಮೆ, ಒಡಹುಟ್ಟಿದವರೊಳಗೇ ಕೂಡುವಿಕೆ, ಆದುದರಿಂದ ಗೂಡಿನವರೆಲ್ಲ ಒಂದೇ ಅಚ್ಚಿನವರು. ಕೇಡು ಬಂದರೆ ಇಡೀ ಗೂಡೇ ಅಳಿಯುವುದೂ ಉಂಟು.

ಸಂಜೆಯಾಯಿತು. ಜೇಡಗಳು ಒಂದೊಂದಾಗಿ ಹೊರಬಂದು, ನಾವು ಕೆಡಿಸಿದ್ದ ಬಲೆಯ ಭಾಗವನ್ನು ನೇಯತೊಡಗಿದವು. ಯಜಮಾನನೂ ಕುಕ್ಕರಗಾಲಲ್ಲಿ ಕುಳಿತು ನೋಡಿದನು. ಬಳಿಕ ಎದ್ದು, ಆ ಕೊಂಬೆಯೊಂದನ್ನು ಬಿಟ್ಟು ಅದರ ಆಚೆಯಿಂದ ಕಡಿಯತೊಡಗಿದನು.