ಸೀಸನ್ ಪಾಸ್

ರೈಲ್ವೆಯ ರಿಯಾಯಿತಿ ಪಟ್ಟಿಯಲ್ಲಿ ಕ್ಯಾನ್ಸರ್, ಕ್ಷಯ, ಥಲಸ್ಸೇಮಿಯಾಗಳ ಜೊತೆಗೆ ‘ಆಸ್ಟಮಿ’ ಎಂಬ ಪದವೂ ಇದೆ. ಹೊಟ್ಟೆಯ ಮೇಲೆ ಮಲದ ದಾರಿ ಮಾಡಿಸಿಕೊಂಡವರಿಗೆ ತಿಂಗಳ ಅಥವಾ ಮೂರು ತಿಂಗಳ ಸೀಸನ್ ಪಾಸಿನಲ್ಲಿ ಅರ್ಧ ದರ. ದಾವಣಗೆರೆಯಿಂದ ದಿನಾ ಹರಿಹರಕ್ಕೆ ಪಾಠ ಮಾಡಲು ಹೋಗುವ ನನಗೆ ಅದರಿಂದ ಉಳಿಯುವುದು ತಿಂಗಳಿಗೆ ಒಂದು ಬೆಣ್ಣೆದೋಸೆಯ ದುಡ್ಡು. ಅಷ್ಟಕ್ಕಾಗಿ ಕೌಂಟರಿನಲ್ಲಿ ನಿಂತು ಹಿಂದಿನ ಸಾಲಿಗೆಲ್ಲ ಕೇಳುವಂತೆ ನನ್ನ ಕರುಳಿನ ಕತೆ ಯಾಕೆ ಹೇಳಲಿ ಅಂದುಕೊಂಡು ಎಂಟು ತಿಂಗಳು ಪೂರ್ತಿ ದರವನ್ನೇ ಕೊಟ್ಟೆ.

ನನಗಿದ್ದದ್ದು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರ ಹುಣ್ಣಾಗಿ ರಕ್ತ ಹೋಗುವ ಕಾಯಿಲೆ. ಆರು ವರ್ಷ ಮಾತ್ರೆ, ಸ್ಟಿರಾಯ್ಡ್ ಎಲ್ಲ ಆಯಿತು. ಜೋರಾದಾಗ ದಿನಕ್ಕೆ ಹದಿನೈದು ಸಲ ಓಡಬೇಕಿತ್ತು. ನಾನು ಬಸ್ಸು ಬಿಟ್ಟು ರೈಲು ಹಿಡಿದದ್ದೇ ಅದರಲ್ಲಿ ಶೌಚಾಲಯ ಇರುತ್ತದೆ ಅಂತ. ಹದಿನಾಲ್ಕು ಕಿಲೋಮೀಟರಿನಷ್ಟು ದಾರಿ. ಕೂರಲು ಜಾಗ ಇದ್ದರೂ ಅದರ ಬಾಗಿಲಿಗೆ ಒರಗಿಯೇ ನಿಲ್ಲುತ್ತಿದ್ದೆ. ಹರಿಹರ ಸ್ಟೇಷನ್ನಿನಿಂದ ಕಾಲೇಜಿನವರೆಗೆ ಯಾವ ಹೋಟೆಲಿನ ಹಿಂದೆ ಏನಿದೆ ಎಂಬುದು ನನಗೆ ಬಾಯಿಪಾಠವಾಗಿತ್ತು.

ಕೊನೆಗೆ ದೊಡ್ಡ ಕರುಳನ್ನೇ ತೆಗೆದರು. ಸಣ್ಣ ಕರುಳಿನ ತುದಿಯನ್ನು ಹೊಕ್ಕುಳ ಬಲಕ್ಕೆ, ಸ್ವಲ್ಪ ಕೆಳಗೆ, ಹೊರಗೆ ತಂದು ಹೊಲಿದರು. ಅದೇ ಸ್ಟೋಮಾ. ಗ್ರೀಕಿನಲ್ಲಿ ಆ ಪದಕ್ಕೆ ಬಾಯಿ ಅಂತ ಅರ್ಥವಂತೆ. ಬಣ್ಣವೂ ಹಾಗೇ, ಕೆನ್ನೆಯ ಒಳಭಾಗದ ಕೆಂಪು. ಮುಟ್ಟಿದರೆ ನೋವಿಲ್ಲ. ಆದರೆ ತಡೆದು ಹಿಡಿಯುವ ಸ್ನಾಯುವೂ ಇಲ್ಲ, ಬಂದಾಗ ಬರುತ್ತದೆ. ಅದಕ್ಕೇ ಚೀಲ. ಮೂರನೇ ಒಂದು ಭಾಗ ತುಂಬಿದಾಗ ಖಾಲಿ ಮಾಡಬೇಕು, ಮೂರ್ನಾಲ್ಕು ದಿನಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಅಂಟುವ ಬಿಲ್ಲೆಯ ತೂತನ್ನು ಅಳತೆಗೆ ಸರಿಯಾಗಿ ಕತ್ತರಿಸದಿದ್ದರೆ ಸುತ್ತಲಿನ ಚರ್ಮ ಬೆಂದಂತಾಗುತ್ತದೆ. ಮೊದಲ ತಿಂಗಳು ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ರವಿಕೆ ಕತ್ತರಿಸುವಷ್ಟು ಗಮನದಿಂದ ಅದನ್ನು ಕತ್ತರಿಸಿಕೊಟ್ಟಳು. ನಾನು ಗೋಡೆ ನೋಡುತ್ತಿದ್ದೆ.

ಈ ಅಂಟುವ ಚೀಲವನ್ನು 1954ರಲ್ಲಿ ಯೋಚಿಸಿದವಳು ಎಲಿಸ್ ಸೊರೆನ್ಸೆನ್ ಎಂಬ ಡೆನ್ಮಾರ್ಕಿನ ನರ್ಸ್. ಅವಳ ತಂಗಿ ಥೋರಾಗೆ ಇದೇ ಬಗೆಯ ಆಪರೇಷನ್ ಆಗಿತ್ತು. ಸೋರಿಬಿಟ್ಟರೆ ಎಂಬ ಹೆದರಿಕೆಯಿಂದ ಅವಳು ಜನರ ನಡುವೆ ಹೋಗುವುದನ್ನೇ ಬಿಟ್ಟಿದ್ದಳಂತೆ. ಇದನ್ನು ಓದಿದ ದಿನ ಆ ಥೋರಾ ನಮ್ಮ ಮನೆಯವಳೇ ಅನಿಸಿತು.

ಸೋರದಿದ್ದರೂ ಸದ್ದು ಮಾಡುತ್ತದೆ. ಒಮ್ಮೆ ಹಾಜರಿ ಕರೆಯುವಾಗ ಕ್ಲಾಸಿಗೆಲ್ಲ ಕೇಳುವಂತೆ ಗುಡುಗಿತು. “ಸರ್, ತಿಂಡಿ ಆಗಿಲ್ವಾ?” ಅಂದ ಹಿಂದಿನ ಬೆಂಚಿನವನು. ಎಲ್ಲರ ಜೊತೆ ನಾನೂ ನಕ್ಕು, ಆಮೇಲೆ ಸ್ಟಾಫ್ ರೂಮಿನಲ್ಲಿ ಬಹಳ ಹೊತ್ತು ಒಬ್ಬನೇ ಕೂತಿದ್ದೆ.

ಆಪರೇಷನ್ ಸುಸೂತ್ರವಾದರೆ ಮಗನನ್ನು ಕರೆತರುತ್ತೇನೆಂದು ಅಮ್ಮ ಹರಿಹರೇಶ್ವರನಿಗೆ ಹರಕೆ ಹೊತ್ತಿದ್ದಳು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಆ ಕಂಬಗಳ ನಡುವೆ ನಾನು ಹುಡುಗನಾಗಿ ಕಣ್ಣಾಮುಚ್ಚಾಲೆ ಆಡಿದವನು. ಆ ದಿನ ಮಾತ್ರ ಹೊಸಿಲ ಹತ್ತಿರ ಕಾಲು ಏಳಲಿಲ್ಲ. ಹೊಟ್ಟೆಯ ಮೇಲೆ ಇದನ್ನು ಕಟ್ಟಿಕೊಂಡು ದೇವರ ಮುಂದೆ ಹೇಗೆ ಹೋಗುವುದು? ನಮ್ಮಮ್ಮ ಮಡಿಯ ವಿಷಯದಲ್ಲಿ ಬಹಳ ಬಿಗಿ. ಅವಳೇ ತಿರುಗಿ ನೋಡಿ, “ಎಲ್ರೂ ಒಳಗೆ ಹೊತ್ಕಂಡೇ ಹೋಗ್ತಾರಪ್ಪ, ನೀನು ಹೊರಗೆ ಹೊತ್ಕಂಡಿದ್ದಿ. ಅಷ್ಟೆ. ಬಾ” ಅಂದಳು. ಪೂಜಾರಪ್ಪನಿಗೂ ಕೇಳಿಸಿತೋ ಏನೋ.

ನಡೆಯಲು ಮತ್ತೆ ಕಲಿತದ್ದು ನಡುಮನೆಯಿಂದ ಬಾಗಿಲಿನವರೆಗೆ. ಆಮೇಲೆ ಬೀದಿಯ ಕೊನೆ, ಆಮೇಲೆ ಕುಂದವಾಡ ಕೆರೆ ಏರಿ. ಈಗ ದಿನಾ ಬೆಳಿಗ್ಗೆ ಅಲ್ಲಿ ಬೀಸು ನಡಿಗೆ. ತುಂಬಿದ ಕೊಡ, ಅಕ್ಕಿ ಚೀಲ ಎತ್ತುವುದಿಲ್ಲ, ಸ್ಟೋಮಾದ ಪಕ್ಕ ಹರ್ನಿಯಾ ಆಗಬಹುದು. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಬರೀ ನೀರು ಕುಡಿದರೆ ಸಾಲದು. ನೀರು, ಉಪ್ಪು ಹೀರುತ್ತಿದ್ದ ದೊಡ್ಡ ಕರುಳೇ ಇಲ್ಲವಲ್ಲ, ಕಿಸೆಯಲ್ಲಿ ಓಆರ್‌ಎಸ್ ಪೊಟ್ಟಣ ಇರಲೇಬೇಕು. ಮಂಡಕ್ಕಿ ತಿನ್ನುತ್ತೇನೆ, ಶೇಂಗಾ ಆರಿಸಿಟ್ಟು. ಮಿರ್ಚಿಯನ್ನು ವಾಸನೆ ನೋಡಿ ಗೆಳೆಯರಿಗೆ ದಾಟಿಸುತ್ತೇನೆ. ಇದೊಂದು ನಿಜವಾದ ನಷ್ಟ. ಈಜಬಹುದು ಎಂದು ಡಾಕ್ಟರು ಹೇಳಿದ್ದಾರೆ. ತುಂಗಭದ್ರೆಗೆ ಇನ್ನೂ ಇಳಿದಿಲ್ಲ. ಸಂಜೆ ಕೆಲವೊಮ್ಮೆ ದಂಡೆಯಲ್ಲಿ ಪ್ಯಾಂಟು ಮಡಚಿ ಮೊಣಕಾಲವರೆಗೆ ನಿಂತು ಬರುತ್ತೇನೆ.

ಒಂದು ಬೆಳಿಗ್ಗೆ ರೈಲು ಹರಿಹರ ಮುಟ್ಟಿದಾಗ ನಾನು ಕಿಟಕಿಯ ಪಕ್ಕ ಕೂತಿದ್ದೆ. ಶೌಚಾಲಯ ಯಾವ ಕಡೆ ಇದೆ ಎಂದು ಹತ್ತುವಾಗ ನೋಡಿಯೇ ಇರಲಿಲ್ಲ. ಹಾಗೆ ನೋಡದೆ ಎಷ್ಟು ದಿನವಾಗಿತ್ತೋ, ಅದೂ ನೆನಪಿರಲಿಲ್ಲ.

ಮುಂದಿನ ತಿಂಗಳು ಪಾಸು ಮುಗಿದಾಗ ಡಾಕ್ಟರ ಸಹಿ, ಮೊಹರು ಇದ್ದ ಪ್ರಮಾಣಪತ್ರ ತೆಗೆದುಕೊಂಡು ಹೋದೆ. ಕೌಂಟರಿನಲ್ಲಿದ್ದವರು ಎರಡು ಸಲ ಓದಿ, ದನಿ ತಗ್ಗಿಸಿ, “ಆಸ್ಟಮಿ ಅಂದ್ರೇನು ಸರ್?” ಅಂದರು. ಎಂಟು ತಿಂಗಳು ಹೆದರಿದ್ದು ಈ ಪ್ರಶ್ನೆಗೇ. ನಾನು ದನಿ ತಗ್ಗಿಸಲಿಲ್ಲ. “ದೊಡ್ಡ ಕರುಳು ತೆಗೆದಿದ್ದಾರೆ. ಹೊಟ್ಟೆ ಮೇಲೆ ಚೀಲ ಐತೆ, ಅದರಲ್ಲೇ ಎಲ್ಲ ಹೋಗುತ್ತೆ.”

“ಓಡಾಡೋಕೆ ತೊಂದ್ರೆ ಇಲ್ವಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಒಬ್ಬರು ಕೂಗಿದರು: “ಲಗೂ ಮಾಡ್ರೀ ಸ್ವಾಮಿ, ಗಾಡಿ ಬಂತು!”

ಪಾಸು ಕೈಗೆ ಬಂತು. ಕೂಗಿದವರೂ ನಾನೂ ಮೇಲ್ಸೇತುವೆಯ ಮೆಟ್ಟಿಲು ಒಟ್ಟಿಗೇ ಹತ್ತಿದೆವು. ಇಳಿಯುವಾಗ ನಾನು ನಾಲ್ಕು ಮೆಟ್ಟಿಲು ಮುಂದಿದ್ದೆ.