ಹಿಂದಲೆಯದು ಮುಂದಲೆಗೆ

ಬೊಕ್ಕತಲೆಯವರ ಕೈಯಲ್ಲಿ ದುಡ್ಡು ಓಡಾಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಹಳೆಯದು. ನನ್ನ ನೆತ್ತಿ ಎಷ್ಟು ಬಯಲಾದರೂ ದುಡ್ಡಿನ ಸುಳಿವಿರಲಿಲ್ಲ. ಕೊನೆಗೆ ಒಂದಿಷ್ಟು ಕೂಡಿದಾಗ ಅದನ್ನೂ ತಲೆಗೇ ಸುರಿದೆ. "ನನಗಿಲ್ಲದ ಚಿಂತೆ ನಿಮಗ್ಯಾಕ್ರೀ?" ಎಂದಳು ಹೆಂಡತಿ. ಹೆಂಡತಿ ಹೇಳುವ ಸಮಾಧಾನಕ್ಕೆ ಕನ್ನಡಿ ಒಪ್ಪಬೇಕಲ್ಲ!

ಕೂದಲು ಕಸಿ ಎಂದರೆ ಹೊಸ ಕೂದಲು ಹುಟ್ಟಿಸುವುದೆಂದು ಬಹಳ ಮಂದಿ ತಿಳಿದಿದ್ದಾರೆ. ಒಂದೆಳೆಯೂ ಹೊಸದಾಗಿ ಹುಟ್ಟುವುದಿಲ್ಲ. ಹಿಂದಲೆಯಿಂದ ಬೇರುಸಹಿತ ತೆಗೆದು ಮುಂದಲೆಗೆ ನೆಡುತ್ತಾರೆ, ಅಷ್ಟೆ. ಹಿಂದಲೆಯ ಕೂದಲು ಗಂಡಸಿನ ಹಾರ್ಮೋನಿಗೆ ಸುಲಭವಾಗಿ ಜಗ್ಗುವುದಿಲ್ಲ. ಜಾಗ ಬದಲಾದರೂ ಆ ಗುಣ ಬಿಡುವುದಿಲ್ಲ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಬರೆದ ಈ ಸಂಗತಿಯ ಮೇಲೆಯೇ ಇವತ್ತಿನ ಇಡೀ ವ್ಯಾಪಾರ ನಿಂತಿದೆ. ಜಪಾನಿನ ಶೋಜಿ ಒಕುಡಾ 1939ರಲ್ಲೇ ಗಾಯದ ಕಲೆ ಉಳಿದ ತಲೆಗಳಿಗೆ ಕೂದಲು ನೆಟ್ಟು ಅದನ್ನು ಪ್ರಕಟಿಸಿದ್ದರು. ಆದರೆ ಯುದ್ಧ ಬಂತು, ಹೊರಗಿನವರ ಕಣ್ಣಿಗೆ ಅದು ಬೀಳಲಿಲ್ಲ.

ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳುವಂಥದ್ದು ಕಡಿಮೆ. ನೋವೆಲ್ಲ ಮರಗಟ್ಟಿಸುವ ಇಂಜೆಕ್ಷನ್ನಿನದು. ಆಮೇಲೆ ಬೆಳಗ್ಗೆ ಬೋರಲು, ಮಧ್ಯಾಹ್ನ ಅಂಗಾತ. ನಡುವೆ ಊಟಕ್ಕೂ ಬಿಟ್ಟರು. ಒಂದರಿಂದ ನಾಲ್ಕು ಕೂದಲಿರುವ ಒಂದೊಂದು ಬುಡಕ್ಕೆ ಗ್ರಾಫ್ಟ್ ಎಂದು ಹೆಸರು, ಬಿಲ್ಲು ಆಗುವುದೂ ಆ ಲೆಕ್ಕದಲ್ಲೇ. ನನ್ನದೇ ಕೂದಲನ್ನು ನನಗೇ ಎಣಿಸಿ ಮಾರುತ್ತಿದ್ದಾರಲ್ಲ ಎಂದು ಮಲಗಿದಲ್ಲೇ ನಗು ಬಂತು.

ಕಷ್ಟವೆಲ್ಲ ಮನೆಯಲ್ಲಿ. ಹಣೆಯ ಬಾವು ಎರಡು ಮೂರು ದಿನದಲ್ಲಿ ಕಣ್ಣರೆಪ್ಪೆಗೆ ಇಳಿದು, ಯಾರೋ ಹೊಡೆದು ಕಳಿಸಿದ ಮುಖವಾಯಿತು. ದಿಂಬುಗಳಿಗೆ ಒರಗಿ, ತಲೆ ಎತ್ತರದಲ್ಲಿಟ್ಟು ಅರೆಕೂತೇ ನಿದ್ದೆ. ಗಳಿಗೆಗೊಮ್ಮೆ ಸಲೈನ್ ಸಿಂಪಡಣೆ. ತಲೆಯ ಮೇಲಿಂದ ಹಾಕುವ ಬನಿಯನ್ನಿಲ್ಲ, ಹೆಲ್ಮೆಟ್ ಇಲ್ಲ, ಹಾಗಾಗಿ ಸ್ಕೂಟರೂ ಇಲ್ಲ.

ಇದಕ್ಕಿಂತ ದೊಡ್ಡದು ಬೋಳಿಸಿದ ತಲೆಗೆ ಕಾರಣ ಹೇಳುವುದು. ನಮ್ಮಲ್ಲಿ ತಲೆ ಬೋಳಾಗಲು ಎರಡೇ ಕಾರಣ: ಹರಕೆ, ಇಲ್ಲವೇ ಸಾವು. ಅಮ್ಮ ಬಾಗಿಲಲ್ಲೇ ಗದರಿದಳು: "ಅಪ್ಪ ಗಟ್ಟಿಮುಟ್ಟಾಗಿ ಕೂತಿರುವಾಗ ಇದೇನೋ ನಿನ್ನ ಅವತಾರ?" ಪಕ್ಕದ ಮನೆಯವರು "ತಿರುಪತಿಗೆ ಹೋಗಿದ್ರಾ ಸಾರ್? ಲಾಡು ಎಲ್ಲಿ?" ಎಂದು ಕೈಚಾಚಿದರು. ಅಲ್ಲಿ ಜನ ಕೂದಲನ್ನು ಪುಕ್ಕಟೆ ಕೊಟ್ಟು ಕೈಮುಗಿದು ಬರುತ್ತಾರೆ, ದೇವಸ್ಥಾನ ಅದನ್ನು ಹರಾಜು ಹಾಕಿ ಕಾಸು ಮಾಡುತ್ತದೆ. ನಾನು ಮಾತ್ರ ಕೂದಲಿಗೂ ಕಾಸಿಗೂ ಎರವಾಗಿ ಕೂತಿದ್ದೆ.

ಎರವಾಗಿದ್ದು ನಿಜ. ನೆಟ್ಟ ಕೂದಲು ಕೆಲವೇ ವಾರಗಳಲ್ಲಿ ಉದುರತೊಡಗಿತು. ಬೇರು ಒಳಗೇ ಇರುತ್ತದೆ, ಉದುರುವುದು ಸಹಜ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ದಿಂಬಿನ ಮೇಲೆ ಬಿದ್ದದ್ದನ್ನು ಕಂಡಾಗ ಗ್ರಾಫ್ಟಿನ ದರವೇ ನೆನಪಾಗುತ್ತಿತ್ತು. ಕಸಿಗೆ ಮುಂಚೆಗಿಂತಲೂ ಕೆಟ್ಟದಾಗಿ ಕಾಣುವ ಈ ಮೂರು ನಾಲ್ಕು ತಿಂಗಳ ಬಗ್ಗೆ ಯಾವ ಜಾಹೀರಾತೂ ತುಟಿ ಬಿಚ್ಚುವುದಿಲ್ಲ. ಅವರ ಎರಡೇ ಫೋಟೋಗಳ ನಡುವೆ ಒಂದು ವರ್ಷ ಮಾಯವಾಗಿರುತ್ತದೆ. ನಾಲ್ಕನೆಯ ತಿಂಗಳ ಹೊತ್ತಿಗೆ ಸಣ್ಣಗೆ, ಗುಂಗುರಾಗಿ ಮೂಡಿದ್ದನ್ನು ಮೊದಲು ಕಂಡವಳು ಕಸಿ ಬೇಡವೆಂದಿದ್ದ ಹೆಂಡತಿಯೇ.

ಈಗ ಬಾಚಣಿಗೆಗೆ ಕೆಲಸವಿದೆ, ಮಾಡಿಸಿಕೊಂಡದ್ದಕ್ಕೆ ಬೇಸರವಿಲ್ಲ. ಆದರೆ ನೆಟ್ಟದ್ದು ನಿಂತರೂ ಅಕ್ಕಪಕ್ಕದ ಹಳೆಯ ಕೂದಲು ಉದುರುವುದನ್ನು ಬಿಟ್ಟಿಲ್ಲ. ಅದಕ್ಕೆ ಔಷಧಿ ನಡೆಯುತ್ತಲೇ ಇರಬೇಕು. ಹಿಂದಲೆಯ ದಾಸ್ತಾನೂ ತೆಗೆದಷ್ಟು ತುಂಬಿಕೊಳ್ಳುವಂಥದ್ದಲ್ಲ. ಯೂಟ್ಯೂಬ್ ನೋಡಿ ಕಲಿತದ್ದು ಈ ಕಸಿಗೆ ತರಬೇತಿ ಎನಿಸದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಬೇಕಾಗಿ ಬಂತು. ಆದ್ದರಿಂದ ಹೋಗುವವರು ಗ್ರಾಫ್ಟಿಗೆ ಎಷ್ಟು ಎಂದು ಕೇಳುವ ಮೊದಲು, ತಲೆಗೆ ಕೈ ಹಾಕುವವರು ಯಾರು, ಅವರು ಓದಿದ್ದೇನು ಎಂದು ಕೇಳಿ.