ಓಡುವ ಮನೆಯ ಹನ್ನೊಂದು ಬಾಗಿಲು

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಸುತ್ತುವವರಲ್ಲಿ ಅನೇಕರು ಹೋಟೆಲು ಹುಡುಕುವ ಗೋಜಿಗೆ ಹೋಗುವುದಿಲ್ಲ. ಮನೆಯನ್ನೇ ಬಾಡಿಗೆಗೆ ಪಡೆದು ಓಡಿಸಿಕೊಂಡು ಹೋಗುತ್ತಾರೆ. ಅದಕ್ಕೆ ಕ್ಯಾಂಪರ್‌ವ್ಯಾನ್ ಎಂದು ಹೆಸರು. ಹೊರಗಿನಿಂದ ನೋಡಿದರೆ ನಮ್ಮ ಮಿನಿಬಸ್ಸಿನಷ್ಟೇ ಇರುತ್ತದೆ. ಒಳಗೆ ಗ್ಯಾಸ್ ಒಲೆ, ಸಿಂಕು, ಫ್ರಿಜ್ಜು, ಹಗಲು ಬೆಂಚಾಗಿದ್ದು ರಾತ್ರಿ ಹಾಸಿಗೆಯಾಗುವ ಸೀಟು, ಒಬ್ಬರು ನಿಂತರೆ ತಿರುಗಲು ಜಾಗವಿಲ್ಲದ ಬಚ್ಚಲು. ಆಕ್ಲೆಂಡಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಫೆಬ್ರವರಿಯಲ್ಲಿ, ಅಂದರೆ ಅಲ್ಲಿನ ಬೇಸಿಗೆಯಲ್ಲಿ, ಇಂಥದೊಂದು ಮನೆಯಲ್ಲಿ ಎಂಟು ದಿನ ಸಂಸಾರ ಹೂಡಿದೆವು. ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು, ನನ್ನ ಮನೆಯವಳು ಮತ್ತು ನಾನು.

ಕ್ರೈಸ್ಟ್‌ಚರ್ಚ್‌ನಲ್ಲಿ ಗಾಡಿ ಕೈಗೆ ಬಂದ ಕೂಡಲೇ ಮೊಮ್ಮಗಳು ಕಪಾಟಿನ ಬಾಗಿಲುಗಳನ್ನು ಎಣಿಸಿದಳು. ತಲೆಯ ಮೇಲೆ ಆರು, ಕೆಳಗೆ ಐದು, ಒಟ್ಟು ಹನ್ನೊಂದು. ಒಂದಕ್ಕೂ ಹಿಡಿಯಿಲ್ಲ, ಕೊಂಡಿಯಿಲ್ಲ. ಒಂದು ರೂಪಾಯಿ ನಾಣ್ಯದಷ್ಟು ಅಗಲದ ಗುಂಡಿ ಮಾತ್ರ. ಒತ್ತಿದರೆ ಗುಂಡಿ ಹೊರಗೆ ಚಿಮ್ಮುತ್ತದೆ, ಅದನ್ನೇ ಹಿಡಿದು ಬಾಗಿಲು ತೆರೆಯಬೇಕು. ಮುಚ್ಚಿ ಮತ್ತೆ ಒತ್ತಿದರೆ 'ಟಿಕ್' ಎಂದು ಒಳಗೆ ಕೂರುತ್ತದೆ. ಆ ಟಿಕ್ ಕೇಳಿಸಿತೆಂದರೆ ಹಿಂಬದಿಯ ಪ್ಲಾಸ್ಟಿಕ್ ನಾಲಿಗೆ ಚೌಕಟ್ಟನ್ನು ಕಚ್ಚಿಕೊಂಡಿದೆ ಎಂದರ್ಥ. ಓಡುವ ಮನೆಯಲ್ಲಿ ಭಾರವಾದ ಮರ, ಕಬ್ಬಿಣದ ಅಗುಳಿ ಎಲ್ಲ ಇಡಲಾಗುವುದಿಲ್ಲ. ತೆಳು ಪ್ಲೈವುಡ್, ಸಣ್ಣ ಸ್ಕ್ರೂ, ಪ್ಲಾಸ್ಟಿಕ್ ಚಿಲಕ, ಇಷ್ಟೇ. ನಮ್ಮ ಮನೆಯ ಕಪಾಟು ಇದ್ದಲ್ಲೇ ಇರುತ್ತದೆ. ಇದಕ್ಕೋ ದಿನಕ್ಕೆ ನಾಲ್ಕೈದು ಗಂಟೆ ಭೂಕಂಪ.

ಜೆರಾಲ್ಡೀನ್ ದಾಟಿ ಬರ್ಕ್ಸ್ ಪಾಸ್ ಎಂಬ ಘಾಟಿಯಲ್ಲಿ ತಿರುವು ತೆಗೆದುಕೊಳ್ಳುವಾಗ ಬಲಬದಿಯ ಮೇಲಿನ ಕಪಾಟು ಧಡ್ ಎಂದು ತೆರೆದುಕೊಂಡಿತು. ಐದು ಸ್ಟೀಲ್ ತಟ್ಟೆಗಳೂ ಕುಕ್ಕರಿನ ಮುಚ್ಚಳವೂ ಹಾರಿಬಂದವು. ಅದರ ಕೆಳಗಿನ ಸೀಟಿನಲ್ಲಿ ಕೂತಿದ್ದವಳು ಮೊಮ್ಮಗಳು. ಮುಚ್ಚಳ ಅವಳ ಕಿವಿಯ ಪಕ್ಕದಲ್ಲಿ ಸೀಟಿನ ಅಂಚಿಗೆ ಬಡಿದು ಕೆಳಗೆ ಬಿತ್ತು. ಮಗು ಅಳಲಿಲ್ಲ, ಅದೇ ನನಗೆ ಹೆಚ್ಚು ಗಾಬರಿಯಾಯಿತು. ಗಾಡಿ ಬದಿಗೆ ನಿಲ್ಲಿಸಿದಾಗ "ಅಜ್ಜ, ನಾನು ಇನ್ನು ಅಲ್ಲಿ ಕೂತುಕೊಳ್ಳುವುದಿಲ್ಲ" ಎಂದಷ್ಟೇ ಹೇಳಿದಳು. ಜಾಗ ಬದಲಾಯಿಸಿ ನಾನು ಅಲ್ಲಿ ಕೂತೆ.

ಟೆಕಾಪೊ ಸರೋವರದ ದಡದಲ್ಲಿ 1935ರಲ್ಲಿ ಕಟ್ಟಿದ ಪುಟ್ಟ ಕಲ್ಲಿನ ಚರ್ಚ್ ಇದೆ. ಅದರ ಕಿಟಕಿಯಿಂದ ಕಾಣುವ ನೀಲಿ ನೀರನ್ನು ನೋಡಲು ಜನ ಬರುತ್ತಾರೆ. ನಾವು ಹೋದಾಗ ಮಗ ಹೊರಗೆ ಫೋನಿನಲ್ಲಿದ್ದ. ಬಾಡಿಗೆ ಕಂಪನಿಯವರು ನಾಡಿದ್ದು ಮೆಕ್ಯಾನಿಕ್ ಕಳಿಸುತ್ತೇವೆ, ಇದ್ದಲ್ಲೇ ಇರಿ ಎಂದರಂತೆ. ಎರಡು ದಿನ ಇಲ್ಲಿ ಕೂತರೆ ಮೌಂಟ್ ಕುಕ್ ತಪ್ಪಿತು. ಮೇಲಾಗಿ ಗಾಡಿಯಲ್ಲಿ ಏನಾದರೂ ಮುರಿದರೆ ಹಿಡಿದುಕೊಳ್ಳಲು ದೊಡ್ಡ ಮೊತ್ತದ ಠೇವಣಿ ಅವರ ಕೈಯಲ್ಲಿತ್ತು.

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನಿಗೆ ಬಾಗಿಲು, ಬೀಗ ಎಂದರೆ ಸದರವಲ್ಲ. ನಮ್ಮ ಕ್ಯಾಶ್ ಕೋಣೆಯ ತಿಜೋರಿಗೆ ಎರಡು ಕೀಲಿ ಇತ್ತು, ಇಬ್ಬರ ಕೈಯಲ್ಲಿ. ಒಬ್ಬರು ತೆರೆಯುವಂತಿಲ್ಲ, ಒಬ್ಬರು ಮುಚ್ಚುವಂತಿಲ್ಲ. ನಾನು ಕನ್ನಡಕ ಏರಿಸಿ ಕಪಾಟಿನ ಒಳಗೆ ಟಾರ್ಚು ಬಿಟ್ಟೆ. "ಬ್ಯಾಂಕಿನ ಸ್ಟೂಲಿನ ಕಾಲು ಸರಿ ಮಾಡಿದ ಹಾಗಲ್ಲ ಇದು" ಎಂದಳು ಮನೆಯವಳು. ನೋಡಿದರೆ ಕಾಯಿಲೆ ಎರಡು. ಚಿಲಕದ ಪ್ಲಾಸ್ಟಿಕ್ ನಾಲಿಗೆ ಬುಡದಲ್ಲೇ ತುಂಡಾಗಿತ್ತು. ಸುತ್ತ ಹಳೆಯ ಅಂಟುಪಟ್ಟಿಯ ಕಲೆ ಇತ್ತು. ಅಂದರೆ ನಮಗಿಂತ ಮೊದಲು ಯಾರೋ ಅದನ್ನು ಮುರಿದು, ಪಟ್ಟಿ ಹಚ್ಚಿ, ಸುಮ್ಮನೆ ಗಾಡಿ ಒಪ್ಪಿಸಿ ಹೋಗಿದ್ದರು. ಎರಡನೆಯದಾಗಿ ಹಿಂಜಸ್ಸಿನ ಸ್ಕ್ರೂಗಳು ಸಡಿಲಾಗಿದ್ದವು. ತಿರುಗಿಸಿದರೆ ಸುಮ್ಮನೆ ಸುತ್ತುತ್ತಿದ್ದವು, ಹಿಡಿಯುತ್ತಿರಲಿಲ್ಲ. ಕುಲುಕಾಟಕ್ಕೆ ಪ್ಲೈವುಡ್ಡಿನ ತೂತು ಅಗಲವಾಗಿತ್ತು.

ಮರುದಿನ ಆ ಕಪಾಟನ್ನು ಖಾಲಿ ಮಾಡಿ, ಬಾಗಿಲನ್ನು ಟವೆಲಿನಲ್ಲಿ ಬಿಗಿದು ಟ್ವೈಜಲ್‌ಗೆ ಹೊರಟೆವು. ಇದು 1968ರಲ್ಲಿ ಜಲವಿದ್ಯುತ್ ಯೋಜನೆಯ ಕೆಲಸಗಾರರಿಗಾಗಿ ಕಟ್ಟಿದ ಊರು. ಕೆಲಸ ಮುಗಿದ ಮೇಲೆ ಕಿತ್ತುಹಾಕುವುದೆಂದೇ ಲೆಕ್ಕವಿತ್ತಂತೆ. ಅಲ್ಲಿನವರು ಬಿಡಲಿಲ್ಲ, ಊರು ಉಳಿಯಿತು. ನನಗೆ ನಮ್ಮ ಶರಾವತಿ ಯೋಜನೆಯ ಕಾರ್ಗಲ್ ಕಾಲೊನಿ ನೆನಪಾಯಿತು. ಅಲ್ಲೂ ಹೀಗೆಯೇ ಸಾಲುಮನೆ, ಅಲ್ಲೂ ಹಾರ್ಡ್‌ವೇರ್ ಅಂಗಡಿಗೆ ಮರ್ಯಾದೆ ಜಾಸ್ತಿ.

ಟ್ವೈಜಲ್‌ನ ಅಂಗಡಿಯಲ್ಲಿ ನನ್ನ ವಯಸ್ಸಿನವರೇ ಒಬ್ಬರಿದ್ದರು. ಮುರಿದ ಚಿಲಕ ತಿರುಗಿಸಿ ನೋಡಿ, ಇಂಥದ್ದು ತಮ್ಮಲ್ಲಿಲ್ಲ ಎಂದರು. ಪುಟ್ಟ ಅಗುಳಿ ತೋರಿಸಿದರು. ಅದನ್ನು ಕೂರಿಸಲು ಹೊಸ ತೂತು ಕೊರೆಯಬೇಕು, ಬಾಡಿಗೆ ಗಾಡಿಗೆ ಅದು ಸಲ್ಲದು. ಉದ್ದ ಸ್ಕ್ರೂ ಹಾಕಿದರೆ ಹೇಗೆ ಎಂದು ಮಗ ಕೇಳಿದ. ನಾವಿಬ್ಬರು ಮುದುಕರೂ ಒಟ್ಟಿಗೇ ತಲೆ ಅಲ್ಲಾಡಿಸಿದೆವು. ಹಲಗೆ ತೆಳು, ಆಚೆ ಬದಿಯಿಂದ ಮೂತಿ ಹೊರಬರುತ್ತದೆ. ಕೊನೆಗೆ ಮರದ ಬಿಳಿ ಅಂಟು ಮತ್ತು ಒಂದು ಸ್ಟಾರ್ ಸ್ಕ್ರೂಡ್ರೈವರ್ ಕೊಂಡೆವು. ಅವರು 'ಟೆನ್' ಎಂದದ್ದು ನನಗೆ 'ಟಿನ್' ಎಂದು ಕೇಳಿ, ಡಬ್ಬಿಯೂ ಕೊಡುತ್ತಾರೇನೋ ಅಂದುಕೊಂಡೆ. ಮೊಮ್ಮಗಳು ನಕ್ಕಳು. ಹಿಂದಿನ ದಿನದಿಂದ ಅದೇ ಮೊದಲ ನಗು.

ಚಿಲಕಕ್ಕೆ ಉಪಾಯ ಹೊಳೆದದ್ದು ಲೆಕ್ಕದ ಪುಸ್ತಕದಿಂದಲೇ ಎನ್ನಬೇಕು. ಹನ್ನೊಂದು ಬಾಗಿಲಿಗೂ ಒಂದೇ ಮಾದರಿಯ ಚಿಲಕ, ಒಂದೇ ಅಳತೆಯ ತೂತು. ಕೆಳಗಿನ ಒಂದು ಕಪಾಟಿನಲ್ಲಿ ಇದ್ದದ್ದು ಹೊದಿಕೆಗಳು ಮಾತ್ರ. ಅದು ತೆರೆದುಕೊಂಡರೂ ಯಾರ ತಲೆಗೂ ಏಟಿಲ್ಲ. ಅಲ್ಲಿನ ಗಟ್ಟಿ ಚಿಲಕವನ್ನು ಬಿಚ್ಚಿ ಮೇಲಿನ ಬಾಗಿಲಿಗೆ ವರ್ಗಾಯಿಸುವುದು. ಒಂದು ಖಾತೆಗೆ ಖರ್ಚು, ಇನ್ನೊಂದಕ್ಕೆ ಜಮೆ. ಮಗ ಕಂಪನಿಗೆ ಫೋನ್ ಮಾಡಿ, ಮುರಿದ ಚಿಲಕದ ಮತ್ತು ಹಳೆಯ ಕಲೆಯ ಫೋಟೋ ಕಳಿಸಿ ಒಪ್ಪಿಗೆ ಪಡೆದ. ಹೊಸ ತೂತು ಕೊರೆಯುವುದಿಲ್ಲ ತಾನೇ ಎಂದು ಎರಡು ಸಲ ಕೇಳಿದರಂತೆ.

ಹಿಂಜಸ್ಸಿಗೆ ಮಾಡಿದ್ದು ನಮ್ಮೂರಿನ ಆಚಾರಿಗಳ ವಿದ್ಯೆ. ಅವರು ಅಗಲವಾದ ತೂತಿಗೆ ಬಿದಿರಿನ ಸೀಳು ತುಂಬುತ್ತಾರೆ. ನಾವು ಹಲ್ಲುಕಡ್ಡಿ ಬಳಸಿದೆವು. ಮೊಮ್ಮಗಳು ಒಂದೊಂದೇ ಕಡ್ಡಿಯನ್ನು ಅಂಟಿನಲ್ಲಿ ಅದ್ದಿ ಕೊಟ್ಟಳು, ನಾನು ತೂತಿಗೆ ಬಿಗಿಯಾಗಿ ತುರುಕಿದೆ. ಕೆಲವಕ್ಕೆ ಎರಡು ಸಾಕು, ಒಂದಕ್ಕೆ ನಾಲ್ಕು ಬೇಕಾಯಿತು. ಹೊರಗುಳಿದ ತುದಿಗಳನ್ನು ಚಾಕುವಿನಿಂದ ಸಮ ಕತ್ತರಿಸಿದೆವು. ಮಕ್ಕಳೇ, ಇಲ್ಲಿ ಅವಸರ ಕೂಡದು. ಅಂಟು ಹಸಿಯಿರುವಾಗಲೇ ಸ್ಕ್ರೂ ಹಾಕಿ ಬಾಗಿಲು ತೂಗುಬಿಟ್ಟರೆ ಎಲ್ಲ ಕಿತ್ತು ಬರುತ್ತದೆ. ರಾತ್ರಿಯಿಡೀ ಒಣಗಲು ಬಿಟ್ಟೆವು.

ಆ ಕಾಯುವಿಕೆಯಿಂದ ಆಕಾಶ ಸಿಕ್ಕಿತು. 2012ರಿಂದ ಈ ಪ್ರದೇಶ ರಕ್ಷಿತ ಕತ್ತಲೆಯ ಪ್ರದೇಶ. ನಕ್ಷತ್ರಗಳಿಗೆ ಅಡ್ಡಿಯಾಗಬಾರದೆಂದು ಹೊರಗಿನ ದೀಪಗಳ ಮೇಲೆ ಕಟ್ಟುಪಾಡುಗಳಿವೆ. ರಾತ್ರಿ ಹತ್ತಾದ ಮೇಲೆ ಹೊರಬಂದು ನೋಡಿದರೆ ಆಕಾಶಗಂಗೆ ಹಿಟ್ಟು ಚೆಲ್ಲಿದಂತೆ ಇತ್ತು. ನಮ್ಮ ಅಂಗಳದಿಂದ ಕಾಣುವ ಮಹಾವ್ಯಾಧ ಅಲ್ಲಿ ತಲೆಕೆಳಗಾಗಿ ನಿಂತಿದ್ದ.

ಬೆಳಿಗ್ಗೆ ಸ್ಕ್ರೂಗಳು ಗಟ್ಟಿಯಾಗಿ ಕೂತವು. ಚಿಲಕ ಟಿಕ್ ಎಂದಿತು. ಖಾಲಿಯಾದ ಕೆಳಗಿನ ಬಾಗಿಲನ್ನು ಮನೆಯವಳು ಬಟ್ಟೆ ಒಣಹಾಕುವ ಹಗ್ಗದಿಂದ ಕಟ್ಟಿದಳು. ತಟ್ಟೆ, ಕುಕ್ಕರು ಎಲ್ಲ ಕೆಳಕ್ಕೆ ಇಳಿದವು. ಮೇಲೆ ಬ್ರೆಡ್ಡು, ಅವಲಕ್ಕಿ, ಹಪ್ಪಳ. ಹೊರಡುವ ಮುನ್ನ ಹನ್ನೊಂದು ಬಾಗಿಲನ್ನೂ ಒತ್ತಿ ನೋಡಿ "ಓಕೆ" ಹೇಳುವ ಅಧಿಕಾರ ಮೊಮ್ಮಗಳದು. ಅವಳು ಹೇಳದೆ ಮಗ ಗಾಡಿ ಸ್ಟಾರ್ಟ್ ಮಾಡುವಂತಿರಲಿಲ್ಲ. ಆದರೂ ಆ ಸೀಟಿಗೆ ಅವಳು ಬರಲಿಲ್ಲ. ನಾನೇ ಕೂತೆ.

ಆ ದಿನ ಮೌಂಟ್ ಕುಕ್ ನೋಡಿದೆವು. ಮಾವೊರಿಗಳು ಅವೊರಾಕಿ ಎನ್ನುವ ಈ ಪರ್ವತದ ಎತ್ತರ 3,724 ಮೀಟರ್. ಎವರೆಸ್ಟ್ ಏರುವ ಮೊದಲು ಹಿಲರಿ ಪಳಗಿದ್ದು ಇಲ್ಲಿನ ಹಿಮದಲ್ಲಿ. ದಾರಿಯುದ್ದಕ್ಕೂ ಪಕ್ಕದಲ್ಲಿ ಪುಕಾಕಿ ಸರೋವರ ಇರುತ್ತದೆ. ಹಿಮನದಿಗಳು ಬಂಡೆಯನ್ನು ಅರೆದು ಮಾಡಿದ ನುಣುಪು ಹಿಟ್ಟು ನೀರಿನಲ್ಲಿ ತೇಲುವುದರಿಂದ ಅದಕ್ಕೆ ಆ ಹಾಲುನೀಲಿ ಬಣ್ಣ.

ನಿಜವಾದ ಪರೀಕ್ಷೆ ಮರುದಿನ, 971 ಮೀಟರ್ ಎತ್ತರದ ಲಿಂಡಿಸ್ ಪಾಸ್‌ನಲ್ಲಿ. ಒಣ ಹುಲ್ಲಿನ ಬೋಳುಗುಡ್ಡಗಳ ನಡುವೆ ರಸ್ತೆ ಬಳುಕುತ್ತದೆ. ಪ್ರತಿ ತಿರುವಿಗೂ ಮೊಮ್ಮಗಳು ಹೊರಗೆ ನೋಡದೆ ನನ್ನ ತಲೆಯ ಮೇಲೆಯೇ ಕಣ್ಣಿಟ್ಟಿದ್ದಳು. ನೆತ್ತಿಯ ನಿಲುಗಡೆಯಲ್ಲಿ ಇಳಿದು ಹತ್ತು ನಿಮಿಷ ನಿಂತೆವು. ಮತ್ತೆ ಹತ್ತುವಾಗ ಅವಳು ಬೆಂಚಿನ ಮೇಲೆ ನಿಂತು ಆ ಬಾಗಿಲನ್ನು ತಾನೇ ತೆರೆದಳು, ಮುಚ್ಚಿದಳು, ಒಮ್ಮೆ ಜಗ್ಗಿ ನೋಡಿದಳು. "ಅಜ್ಜ, ಆಚೆ ಸರಿ" ಎಂದಳು.

ಎಂಟನೆಯ ದಿನ ಕ್ರೈಸ್ಟ್‌ಚರ್ಚ್‌ನಲ್ಲಿ ಗಾಡಿ ಒಪ್ಪಿಸಿದೆವು. ಕಂಪನಿಯ ಹುಡುಗ ಬಾಗಿಲುಗಳನ್ನು ಒಂದೊಂದಾಗಿ ತೆರೆದು ಮುಚ್ಚಿ, ಕಾಗದದ ಮೇಲೆ ಗುರುತು ಹಾಕಿಕೊಂಡು ಬಂದ. ಹತ್ತು ಸರಿ. ಠೇವಣಿಯಲ್ಲಿ ಒಂದು ಡಾಲರೂ ಹಿಡಿಯಲಿಲ್ಲ. ಹನ್ನೊಂದನೆಯದರ ಹಗ್ಗದ ಗಂಟು ಮಾತ್ರ ಅವನಿಂದ ಬಿಚ್ಚಲಾಗಲಿಲ್ಲ. ಮನೆಯವಳು ಚೀಲ ಕೆಳಗಿಟ್ಟು ಬಂದು ಬಿಚ್ಚಿಕೊಟ್ಟು, ಹಗ್ಗ ಸುತ್ತಿ ಚೀಲಕ್ಕೆ ಹಾಕಿಕೊಂಡಳು.